‘ವುಡ್ ಹ್ಯಾವ್’ ಕೈಕೊಟ್ಟಾಗ: ಅಡಗಿದ ‘ಇಫ್’ ಹುಡುಕುವ ಕೈಪಿಡಿ

ಮೂರು ವಾಕ್ಯ ನೋಡಿ. ಮೂರೂ ಆಫೀಸ್ ಮೇಲ್‌ಗಳಲ್ಲಿ ಆಗಾಗ ಕಾಣುವಂಥವು.

‘ಐ ವಾಸ್ ಇಲ್, ಅದರ್‌ವೈಸ್ ಐ ವಾಸ್ ಕಮಿಂಗ್.’
‘ಶಿ ಮಸ್ಟ್ ಹ್ಯಾಸ್ ಗಾನ್ ಹೋಮ್.’
‘ಐ ವುಡ್ ಹ್ಯಾವ್ ಸೆಂಟ್ ದಿ ಫೈಲ್ ಯೆಸ್ಟರ್‌ಡೇ.’

ಮೊದಲ ಎರಡು ತಪ್ಪು ಅಂತ ಇಂಗ್ಲಿಷ್ ಬಲ್ಲವರ ಕಣ್ಣಿಗೆ ಕೂಡಲೇ ಬೀಳುತ್ತದೆ. ಅಪಾಯ ಇರುವುದು ಮೂರನೆಯದರಲ್ಲಿ. ಅದರ ವ್ಯಾಕರಣದಲ್ಲಿ ಏನೂ ತಪ್ಪಿಲ್ಲ. ಬರೆದವರ ಮನಸ್ಸಿನಲ್ಲಿದ್ದದ್ದು ‘ನಿನ್ನೆಯೇ ಕಳಿಸಿರ್ತೀನಿ, ನೋಡಿ’ ಅಂತ. ಓದಿದವರಿಗೆ ಅರ್ಥವಾಗುವುದು ‘ಕಳಿಸ್ತಿದ್ದೆ, ಆದರೆ ಕಳಿಸಲಿಲ್ಲ’ ಅಂತ. ಒಬ್ಬರು ಫೈಲಿಗಾಗಿ ಕಾಯುತ್ತಾರೆ, ಇನ್ನೊಬ್ಬರು ಕೆಲಸ ಮುಗಿಯಿತು ಅಂತ ಆರಾಮಾಗಿರುತ್ತಾರೆ.

ಇದಕ್ಕೆಲ್ಲ ‘ಥರ್ಡ್ ಕಂಡೀಷನಲ್’ (‘ಇಫ್ ... ಹ್ಯಾಡ್, ... ವುಡ್ ಹ್ಯಾವ್’ ಮಾದರಿಯ ವಾಕ್ಯ) ಕೋಷ್ಟಕ ಉರು ಹೊಡೆಯುವುದೇ ಮದ್ದು ಎಂದು ತುಂಬಾ ಜನ ನಂಬಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕೋಷ್ಟಕದಲ್ಲಿ ‘ಇಫ್’ ಯಾವಾಗಲೂ ಎದುರಿಗೇ ಕೂತಿರುತ್ತದೆ. ಜನ ಆಡುವ, ಬರೆಯುವ ಇಂಗ್ಲಿಷಿನಲ್ಲಿ ಎಷ್ಟೋ ಸಲ ಅದು ಕಾಣುವುದೇ ಇಲ್ಲ. ಷರತ್ತು ಬೇರೆಲ್ಲೋ ಅಡಗಿ, ಅದರ ಗುರುತು ಮಾತ್ರ ಕ್ರಿಯಾಪದದ ಮೇಲೆ ಉಳಿದಿರುತ್ತದೆ. ಆ ಗುರುತನ್ನು ಓದಲು ಬಂದರೆ ಉಳಿದದ್ದು ಸುಲಭ.

ಮೊದಲ ತಪಾಸಣೆ: ನಿಜವಾಗಿ ಏನಾಯ್ತು?

ವಾಕ್ಯ ಯಾವುದೇ ಇರಲಿ, ಮೊದಲು ಈ ಪ್ರಶ್ನೆ ಕೇಳಿ. ಕಾಲ, ರೂಪ, ಕೋಷ್ಟಕ ಎಲ್ಲ ಆಮೇಲೆ.

ಉದಾಹರಣೆಗೆ ಎಲ್ಲರಿಗೂ ಗೊತ್ತಿರುವ ಒಂದು ಪಂದ್ಯ ತೆಗೆದುಕೊಳ್ಳೋಣ. 1983ರ ಜೂನ್ 18, ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್. ವಿಶ್ವಕಪ್‌ನಲ್ಲಿ ಜಿಂಬಾಬ್ವೆ ವಿರುದ್ಧ ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಅಲ್ಲಿಂದ ಕ್ಯಾಪ್ಟನ್ ಕಪಿಲ್ ದೇವ್ ಔಟಾಗದೆ 175 ಹೊಡೆದರು. ಕೊನೆಯಲ್ಲಿ ಅವರ ಜೊತೆ ನಿಂತವರು ನಮ್ಮ ಕರ್ನಾಟಕ ತಂಡದ ವಿಕೆಟ್ ಕೀಪರ್ ಸೈಯದ್ ಕಿರ್ಮಾನಿ. ಇಬ್ಬರೂ ಮುರಿಯದ ಒಂಬತ್ತನೇ ವಿಕೆಟ್‌ಗೆ 126 ರನ್ ಸೇರಿಸಿದರು. ಅದರಲ್ಲಿ ಕಿರ್ಮಾನಿಯವರದು 24. ಭಾರತ 31 ರನ್ನಿಂದ ಗೆದ್ದಿತು. ಆ ಆಟದ ಟಿವಿ ಚಿತ್ರೀಕರಣ ಇಲ್ಲ. ಹಾಗಾಗಿ ಅದರ ಬಗ್ಗೆ ಮಾತಾಡುವಾಗ ‘ಹೀಗಾಗದಿದ್ದರೆ’ ಎನ್ನುವುದೂ ‘ಹೀಗಿದ್ದಿರಬೇಕು’ ಎನ್ನುವುದೂ ಎರಡೂ ಬರುತ್ತವೆ. ನಮ್ಮ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಪಂದ್ಯ ಸಿಗಲಿಕ್ಕಿಲ್ಲ.

‘ಬಟ್ ಫಾರ್ ಕಪಿಲ್, ಇಂಡಿಯಾ ವುಡ್ ಹ್ಯಾವ್ ಲಾಸ್ಟ್.’ ನಿಜವಾಗಿ ಏನಾಯ್ತು? ಭಾರತ ಗೆದ್ದಿತು. ಅಂದರೆ ಕ್ರಿಯಾಪದ ಹೇಳುವುದು ನಡೆಯದ ಸಂಗತಿಯನ್ನು.

‘ಇಟ್ ಮಸ್ಟ್ ಹ್ಯಾವ್ ಬೀನ್ ಎ ಗ್ರೇಟ್ ಇನಿಂಗ್ಸ್.’ ಇಲ್ಲಿ ಏನೂ ತಿರುಗುಮುರುಗಾಗಿಲ್ಲ. ನಾವು ನೋಡಿಲ್ಲ, ಆದರೆ ಸ್ಕೋರ್‌ಬೋರ್ಡ್ ನೋಡಿ ಅಂದಾಜು ಮಾಡುತ್ತಿದ್ದೇವೆ.

ಎರಡರ ಮೈಕಟ್ಟೂ ಒಂದೇ: ಮೋಡಲ್ (‘ವುಡ್’, ‘ಮಸ್ಟ್’, ‘ಕುಡ್’ ಥರದ ಸಹಾಯಕ ಕ್ರಿಯಾಪದ), ‘ಹ್ಯಾವ್’, ಆಮೇಲೆ ಕ್ರಿಯಾಪದದ ಮೂರನೇ ರೂಪ. ಕೆಲಸ ಮಾತ್ರ ಬೇರೆ. ಒಂದು ನಡೆಯದ್ದನ್ನು ಹೇಳುತ್ತದೆ. ಇನ್ನೊಂದು, ನಡೆದಿತ್ತೋ ಇಲ್ಲವೋ ಗೊತ್ತಿಲ್ಲದ್ದನ್ನು ಊಹಿಸುತ್ತದೆ. ಅರ್ಧ ಗೊಂದಲ ಹುಟ್ಟುವುದು ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದ.

ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ನಾವು ಈ ಎರಡನ್ನೂ ಬೇರೆ ಬೇರೆ ಇಟ್ಟಿದ್ದೇವೆ. ‘ಬರಬಹುದಿತ್ತು’ ಅಂದರೆ ಬರಲಿಲ್ಲ. ‘ಬಂದಿರಬಹುದು’ ಅಂದರೆ ಗೊತ್ತಿಲ್ಲ. ಇಂಗ್ಲಿಷ್ ಎರಡಕ್ಕೂ ‘ಕುಡ್ ಹ್ಯಾವ್ ಕಮ್’ ಎಂದು ಒಂದನ್ನೇ ಬಳಸಿಬಿಡುತ್ತದೆ. ಅದಕ್ಕೇ, ಇಂಗ್ಲಿಷ್ ವಾಕ್ಯ ಓದಿ ಗೊಂದಲವಾದರೆ ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿ ನೋಡಿ. ಕೊನೆಗೆ ‘ಇತ್ತು’ ಬಂದರೆ ನಡೆಯದ ಸಂಗತಿ, ನಡುವೆ ‘ಇರ’ ಬಂದು ಕೊನೆಗೆ ‘ಬಹುದು’ ಅಥವಾ ‘ಬೇಕು’ ನಿಂತರೆ ಊಹೆ. ವಾಕ್ಯ ನಿಷೇಧವಾಗಿದ್ದರೆ ಲೆಕ್ಕ ತಿರುಗುತ್ತದೆ, ಅಷ್ಟೆ: ‘ಹೇಳಬಾರದಿತ್ತು’ ಅಂದರೆ ಹೇಳಿಬಿಟ್ಟಿದ್ದಾರೆ.

ಆದರೆ ಈ ಉಪಾಯ ‘ವುಡ್ ಹ್ಯಾವ್’ ಹತ್ತಿರ ಕೈಕೊಡುತ್ತದೆ. ಅದಕ್ಕೆ ಕಾರಣ ನಮ್ಮ ‘ಬರ್ತಿದ್ದೆ’.

ಲಕ್ಷಣ: ‘ಅದರ್‌ವೈಸ್ ಐ ವಾಸ್ ಕಮಿಂಗ್’

‘ನಾನು ಬರ್ತಿದ್ದೆ, ದಾರೀಲಿ ಅವರು ಸಿಕ್ಕರು.’ ‘ಚಿಕ್ಕವನಿದ್ದಾಗ ದಿನಾ ಇಲ್ಲಿಗೆ ಬರ್ತಿದ್ದೆ.’ ‘ಮೊದಲೇ ಹೇಳಿದ್ದರೆ ಬರ್ತಿದ್ದೆ.’ ಮೂರು ಕಡೆಯೂ ಅದೇ ‘ಬರ್ತಿದ್ದೆ’. ಮೂರನೆಯದರಲ್ಲಿ ಅದು ನಡೆಯದ ಸಂಗತಿ ಎಂದು ಹೇಳುವ ಕೆಲಸವನ್ನು ‘ಹೇಳಿದ್ದರೆ’ ಮಾಡುತ್ತದೆ. ಹಾಗಾಗಿ ಕ್ರಿಯಾಪದ ಬದಲಾಗಬೇಕಾಗಿಲ್ಲ.

ಇಂಗ್ಲಿಷಿನಲ್ಲಿ ಇವು ಮೂರು ಬೇರೆ ರೂಪ: ‘ವಾಸ್ ಕಮಿಂಗ್’, ‘ಯೂಸ್ಡ್ ಟು ಕಮ್’, ‘ವುಡ್ ಹ್ಯಾವ್ ಕಮ್’. ಹುಷಾರಿಲ್ಲದೆ ಬರಲಿಲ್ಲ ಎನ್ನುವಾಗ ಮೂರನೆಯದೇ ಬೇಕು: ‘ಐ ವಾಸ್ ಇಲ್, ಅದರ್‌ವೈಸ್ ಐ ವುಡ್ ಹ್ಯಾವ್ ಕಮ್.’

ಪತ್ತೆ ಮಾಡುವುದು ಹೀಗೆ. ನಿಮ್ಮ ಕನ್ನಡ ವಾಕ್ಯದ ‘ಬರ್ತಿದ್ದೆ’ ಜಾಗದಲ್ಲಿ ‘ಬಂದಿರ್ತಿದ್ದೆ’ ಹಾಕಿ ನೋಡಿ. ಅರ್ಥ ಕೆಡದಿದ್ದರೆ ಇಂಗ್ಲಿಷಿನಲ್ಲಿ ‘ವುಡ್ ಹ್ಯಾವ್’. ‘ಹುಷಾರಿರಲಿಲ್ಲ, ಇಲ್ಲಾಂದ್ರೆ ಬಂದಿರ್ತಿದ್ದೆ’ ಸರಿಹೋಗುತ್ತದೆ, ಅಲ್ವಾ? ‘ಬಂದಿರ್ತಿದ್ದೆ, ದಾರೀಲಿ ಅವರು ಸಿಕ್ಕರು’ ಮಾತ್ರ ಕೂರುವುದಿಲ್ಲ.

ಅಡಗುವ ಜಾಗಗಳು

ಈಗ ಮುಖ್ಯ ವಿಷಯ. ‘ವುಡ್ ಹ್ಯಾವ್’ ಕಂಡಿತು, ‘ಇಫ್’ ಇಲ್ಲ. ಷರತ್ತು ಎಲ್ಲಿ ಹೋಯಿತು?

ಸುಲಭವಾಗಿ ಸಿಗುವುದು ‘ವಿದೌಟ್’ ಮತ್ತು ‘ವಿತ್’ ಹಿಂದೆ. ‘ವಿದೌಟ್ ಕಿರ್ಮಾನಿ, ಕಪಿಲ್ ಕುಡ್ ನಾಟ್ ಹ್ಯಾವ್ ರೀಚ್ಡ್ 175.’ ಕಿರ್ಮಾನಿ ಇಲ್ಲದಿದ್ದರೆ ಎಂಬ ಷರತ್ತು ‘ವಿದೌಟ್’ ಒಳಗೇ ಇದೆ. ‘ವಿತ್ ಒನ್ ಮೋರ್ ಪಾರ್ಟ್‌ನರ್‌ಶಿಪ್, ಜಿಂಬಾಬ್ವೆ ವುಡ್ ಹ್ಯಾವ್ ವನ್’ ಎಂಬಲ್ಲಿ ‘ಇನ್ನೊಂದು ಜೊತೆಯಾಟ ಬಂದಿದ್ದರೆ’ ಎಂದರ್ಥ. ಇದನ್ನು ‘ಜೊತೆಯಾಟದೊಂದಿಗೆ ಗೆದ್ದಿತು’ ಎಂದು ಓದಿಕೊಂಡವರು ಪಂದ್ಯದ ಫಲಿತಾಂಶವನ್ನೇ ಉಲ್ಟಾ ಮಾಡುತ್ತಾರೆ.

‘ಬಟ್ ಫಾರ್’ ಸ್ವಲ್ಪ ಮೋಸದ್ದು. ‘ಬಟ್’ ನೋಡಿದ ಕೂಡಲೇ ‘ಆದರೆ’ ಎಂದು ಓದುವ ಅಭ್ಯಾಸ ನಮಗೆ. ಇಲ್ಲಿ ಅದು ‘ಇಲ್ಲದಿದ್ದರೆ’. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಇದನ್ನು ಬೇರೆಯಾಗಿಯೇ ನೆನಪಿಡುವುದು ಒಳ್ಳೆಯದು.

ಇಂಗ್ಲಿಷ್ ಕಾನೂನಿನಲ್ಲಿ ಈ ಎರಡು ಪದಗಳ ಹೆಸರಿನಲ್ಲಿ ಒಂದು ಪರೀಕ್ಷೆಯೇ ಇದೆ: ‘ಬಟ್ ಫಾರ್ ಟೆಸ್ಟ್’. ನಿಮ್ಮ ತಪ್ಪು ನಡೆಯದಿದ್ದರೆ ಈ ನಷ್ಟ ಆಗುತ್ತಿತ್ತೇ, ಇಲ್ಲವೇ ಎಂದು ಕೇಳುವುದು. ಅದಕ್ಕೆ ಕಾನೂನು ವಿದ್ಯಾರ್ಥಿಗಳು ಓದುವ ಹೆಸರಾಂತ ಉದಾಹರಣೆ ಬಾರ್ನೆಟ್ ಪ್ರಕರಣ. 1966ರ ಹೊಸ ವರ್ಷದ ಬೆಳಗಿನ ಜಾವ ಲಂಡನ್ನಿನಲ್ಲಿ ಮೂವರು ರಾತ್ರಿ ಕಾವಲುಗಾರರು ಟೀ ಕುಡಿದು, ವಾಂತಿಯಾಗಿ ಆಸ್ಪತ್ರೆಗೆ ಬಂದರು. ಡ್ಯೂಟಿಯಲ್ಲಿದ್ದ ವೈದ್ಯರು ಖುದ್ದಾಗಿ ನೋಡಲಿಲ್ಲ. ಮನೆಗೆ ಹೋಗಿ ನಿಮ್ಮ ಡಾಕ್ಟರಿಗೆ ತೋರಿಸಿ ಎಂದು ನರ್ಸ್ ಮೂಲಕ ಹೇಳಿಸಿದರು. ಕೆಲವು ಗಂಟೆಗಳಲ್ಲಿ ಒಬ್ಬರು ತೀರಿಕೊಂಡರು. ಕಾರಣ ಆರ್ಸೆನಿಕ್ ವಿಷ. ಅವರ ಹೆಂಡತಿ ದಾವೆ ಹಾಕಿದರು.

ನ್ಯಾಯಾಲಯದ ತೀರ್ಮಾನವನ್ನು ‘ಮೋಡಲ್ + ಹ್ಯಾವ್’ ಇರುವ ಎರಡೇ ರೂಪಗಳಲ್ಲಿ ಹೇಳಬಹುದು. ಡಾಕ್ಟರ್ ‘ಶುಡ್ ಹ್ಯಾವ್ ಸೀನ್ ಹಿಮ್’, ನೋಡಬೇಕಿತ್ತು, ನೋಡದೇ ಇದ್ದದ್ದು ತಪ್ಪು. ಆದರೆ ರೋಗಿ ‘ವುಡ್ ಹ್ಯಾವ್ ಡೈಡ್ ಎನಿವೇ’, ನೋಡಿದ್ದರೂ ಉಳಿಯುತ್ತಿರಲಿಲ್ಲ, ಯಾಕೆಂದರೆ ಚಿಕಿತ್ಸೆ ಸಮಯಕ್ಕೆ ಸಿಗುವ ಹಾಗಿರಲಿಲ್ಲ. ದಾವೆ ಬಿದ್ದುಹೋಯಿತು. ಆ ‘ಎನಿವೇ’ ಗಮನಿಸಿ. ಅಡಗಿದ ಷರತ್ತು ಅದರೊಳಗಿದೆ, ಮತ್ತು ಅದು ‘ಇದ್ದರೆ’ ಅಲ್ಲ, ‘ಇದ್ದರೂ’. ‘ಎನಿವೇ’, ‘ಸ್ಟಿಲ್’, ‘ಆಲ್ ದಿ ಸೇಮ್’ ಇದ್ದ ಕಡೆ ‘ಇದ್ದರೆ’ ಎಂದು ಓದಿದರೆ ಅರ್ಥ ಪೂರ್ತಿ ಕೆಡುತ್ತದೆ.

ಹುಡುಕಲು ಅತಿ ಕಷ್ಟವಾದ ಜಾಗ ವಾಕ್ಯದ ಕರ್ತೃ. ‘ಎ ಲೆಸ್ಸರ್ ಕ್ಯಾಪ್ಟನ್ ವುಡ್ ಹ್ಯಾವ್ ಗಿವನ್ ಅಪ್ ಅಟ್ 17 ಫಾರ್ 5.’ ಷರತ್ತಿನ ಗುರುತಾಗಿ ಒಂದೂ ಪದ ಇಲ್ಲ. ಸುಮ್ನೆ ಒಬ್ಬ ಸಾಧಾರಣ ಕ್ಯಾಪ್ಟನ್ ಇದ್ದಾನೆ. ‘ಬೇರೆ ಸಾಧಾರಣ ಕ್ಯಾಪ್ಟನ್ ಆಗಿದ್ದರೆ ಕೈಚೆಲ್ಲಿರುತ್ತಿದ್ದ’ ಎಂದು ಬಿಡಿಸಿಕೊಳ್ಳಬೇಕು. ಕನ್ನಡದಲ್ಲಿ ‘ಆಗಿದ್ದರೆ’ ಬಿಟ್ಟು ಇದನ್ನು ಹೇಳುವುದು ಕಷ್ಟ. ಅದಕ್ಕೇ ಓದುವಾಗ ನಮ್ಮ ಕಣ್ಣು ಅದನ್ನು ಹುಡುಕಿ ಸಿಗದೆ ತಬ್ಬಿಬ್ಬಾಗುತ್ತದೆ, ‘ಯಾರು ಆ ಕ್ಯಾಪ್ಟನ್?’ ಎಂದು ಕೇಳುತ್ತೇವೆ. ನೆನಪಿಡುವ ಗುರುತು: ಕರ್ತೃ ಗೊತ್ತಿರುವ ಒಬ್ಬ ವ್ಯಕ್ತಿಯಲ್ಲದೆ ‘ಎ’ ಅಥವಾ ‘ಎನಿ’ ಜೊತೆ ಬಂದು, ಮುಂದೆ ‘ವುಡ್ ಹ್ಯಾವ್’ ಇದ್ದರೆ, ಷರತ್ತು ಬಹುಪಾಲು ಕರ್ತೃವಿನೊಳಗೇ ಇದೆ.

‘ಟು’ ಬಳಸಿದ ರೂಪದಲ್ಲೂ ಅಡಗುತ್ತದೆ: ‘ಇಟ್ ವುಡ್ ಹ್ಯಾವ್ ಬೀನ್ ಫೂಲಿಶ್ ಟು ಸ್ಲಾಗ್ ಅರ್ಲಿ.’ ಶುರುವಿನಲ್ಲೇ ಬೀಸಿದ್ದರೆ ಮೂರ್ಖತನವಾಗುತ್ತಿತ್ತು. ‘ಇನ್ ಯುವರ್ ಪ್ಲೇಸ್’ ಅಂದರೆ ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ. ಇವು ಒಂದೆರಡು ಸಲ ಕಂಡರೆ ರೂಢಿಯಾಗುತ್ತವೆ.

ಇನ್ನು ‘ಬಟ್’ ಇರುವ ಜೋಡಿ ವಾಕ್ಯ. ‘ಐ ವುಡ್ ಹ್ಯಾವ್ ಕಾಲ್ಡ್, ಬಟ್ ಮೈ ಫೋನ್ ವಾಸ್ ಡೆಡ್.’ ಮೊದಲ ಭಾಗ ನಡೆಯದ್ದು, ಎರಡನೇ ಭಾಗ ನಡೆದದ್ದು. ಹಾಗಾಗಿ ‘ಬಟ್’ ಆದ ಮೇಲೆ ಸಾದಾ ಭೂತಕಾಲ. ಅಲ್ಲೂ ‘ವುಡ್ ಹ್ಯಾವ್ ಬೀನ್ ಡೆಡ್’ ಎಂದು ಬರೆದರೆ ಫೋನ್ ಸತ್ತಿರಲೇ ಇಲ್ಲ ಎಂದಾಗುತ್ತದೆ, ನಿಮ್ಮ ನೆಪ ನೀವೇ ಹಾಳು ಮಾಡಿಕೊಂಡಂತೆ. ‘ಅದರ್‌ವೈಸ್’ನಲ್ಲಿ ಇದೇ ಕ್ರಮ ತಿರುಗುತ್ತದೆ: ಮೊದಲು ನಡೆದದ್ದು, ಆಮೇಲೆ ನಡೆಯದ್ದು.

ಒಮ್ಮೊಮ್ಮೆ ಷರತ್ತು ವಾಕ್ಯದಲ್ಲೇ ಇರುವುದಿಲ್ಲ, ಹಿಂದಿನ ಮಾತಿನಲ್ಲಿರುತ್ತದೆ. ‘ನಾವು ರೈಲಿನಲ್ಲಿ ಹೋಗಬೇಕು ಅಂದುಕೊಂಡಿದ್ವಿ’ ಎಂದು ಯಾರೋ ಹೇಳಿದರೆ, ಕೇಳಿದವರು ‘ದಟ್ ವುಡ್ ಹ್ಯಾವ್ ಬೀನ್ ಚೀಪರ್’ ಎನ್ನುತ್ತಾರೆ. ‘ಹಾಗೆ ಹೋಗಿದ್ದರೆ’ ಎನ್ನುವುದು ‘ದಟ್’ನಲ್ಲಿ ಮಡಚಿಕೊಂಡಿದೆ. ಒಂದೇ ವಾಕ್ಯ ಕತ್ತರಿಸಿ ಪ್ರಶ್ನೆಪತ್ರಿಕೆಗೆ ಹಾಕಿದಾಗ ಇಂಥದ್ದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ಅದು ವಿದ್ಯಾರ್ಥಿಯ ತಪ್ಪಲ್ಲ.

ಎಲ್ಲಿ ಹುಡುಕಿದರೂ ಷರತ್ತು ಸಿಗದಿದ್ದರೆ

ಆಗ ಮೂರು ಸಾಧ್ಯತೆ ಇದೆ. ಎರಡು ನಿರಪಾಯ.

ಒಂದು, ಅದು ಊಹೆ. ‘ದೆ ಲೆಫ್ಟ್ ಅಟ್ ಫೈವ್, ದೆ ವುಡ್ ಹ್ಯಾವ್ ರೀಚ್ಡ್ ಮೈಸೂರು ಬೈ ನೌ.’ ಐದಕ್ಕೆ ಹೊರಟರು, ಇಷ್ಟೊತ್ತಿಗೆ ಮೈಸೂರು ತಲುಪಿರುತ್ತಾರೆ. ಈ ಬಳಕೆ ಇಂಗ್ಲಿಷಿನಲ್ಲಿ ಇದೆ, ನಮ್ಮ ದೇಶದ ಇಂಗ್ಲಿಷಿನಲ್ಲಿ ಸ್ವಲ್ಪ ಜಾಸ್ತಿಯೇ ಇದೆ. ಆದರೆ ಇಲ್ಲಿ ‘ವಿಲ್ ಹ್ಯಾವ್ ರೀಚ್ಡ್’ ಅಥವಾ ‘ಮಸ್ಟ್ ಹ್ಯಾವ್ ರೀಚ್ಡ್’ ಎಂದರೆ ಯಾರಿಗೂ ಅನುಮಾನ ಬರುವುದಿಲ್ಲ.

ಎರಡು, ಅದು ವರದಿ ಮಾತು. ‘ಹಿ ಸೆಡ್ ಹಿ ವುಡ್ ಹ್ಯಾವ್ ಫಿನಿಶ್ಡ್ ಬೈ ಮಂಡೇ.’ ಸೋಮವಾರದ ಹೊತ್ತಿಗೆ ಮುಗಿಸಿರುತ್ತೇನೆ ಎಂದ, ಅಷ್ಟೆ. ಅವನು ಹೇಳುವಾಗ ‘ವಿಲ್ ಹ್ಯಾವ್’ ಇದ್ದದ್ದು ವರದಿಯಲ್ಲಿ ‘ವುಡ್ ಹ್ಯಾವ್’ ಆಗಿದೆ. ಮುಗಿಸಿದನೋ ಇಲ್ಲವೋ ವಾಕ್ಯ ಹೇಳುವುದಿಲ್ಲ.

ಮೂರನೆಯದೇ ನಿಜವಾದ ದೋಷ: ಬರೆದವರಿಗೆ ಬೇಕಿದ್ದದ್ದು ಸಾದಾ ಭೂತಕಾಲ, ಮರ್ಯಾದೆಗೆ ಅಂತಲೋ ತೂಕ ಇರಲಿ ಅಂತಲೋ ‘ವುಡ್ ಹ್ಯಾವ್’ ಸೇರಿಸಿದ್ದಾರೆ. ಫೈಲ್ ಕಳಿಸಿದ್ದು ಖಚಿತವಾದರೆ ‘ಐ ಸೆಂಟ್ ದಿ ಫೈಲ್ ಯೆಸ್ಟರ್‌ಡೇ.’ ಖಚಿತವಿಲ್ಲದಿದ್ದರೆ ‘ಐ ಥಿಂಕ್ ಐ ಸೆಂಟ್ ಇಟ್; ಲೆಟ್ ಮಿ ಚೆಕ್.’ ನೀವೇ ಮಾಡಿದ ಕೆಲಸಕ್ಕೆ ‘ವುಡ್ ಹ್ಯಾವ್’ ಹಾಕಿದರೆ ಮಾಡಿಲ್ಲ ಎಂದೇ ಓದುತ್ತಾರೆ.

ಬಿಡಿಭಾಗದ ತಪ್ಪುಗಳು

ಇವು ಬೇಗ ಸರಿಹೋಗುವಂಥವು. ಮೋಡಲ್ ಆದ ಮೇಲೆ ಯಾವಾಗಲೂ ‘ಹ್ಯಾವ್’. ಅವನು, ಅವಳು, ಅದು ಯಾರೇ ಇರಲಿ, ‘ಹ್ಯಾಸ್’ ಬರುವುದಿಲ್ಲ, ‘ಹ್ಯಾಡ್’ ಬರುವುದಿಲ್ಲ. ‘ಶಿ ಮಸ್ಟ್ ಹ್ಯಾವ್ ಗಾನ್.’ ಅದರ ಮುಂದೆ ಎರಡನೇ ರೂಪ ಹಾಕಬೇಡಿ: ‘ಶುಡ್ ಹ್ಯಾವ್ ವೆಂಟ್’ ಅಲ್ಲ, ‘ಶುಡ್ ಹ್ಯಾವ್ ಗಾನ್’.

ಇಂಟರ್ನೆಟ್‌ನಲ್ಲಿ ‘ವುಡ್ ಆಫ್’, ‘ಕುಡ್ ಆಫ್’ ಎಂದು ಓ, ಎಫ್ ಅಕ್ಷರ ಹಾಕಿ ಬರೆದಿರುವುದು ಕಂಡರೆ ಅದು ಹೊಸ ವ್ಯಾಕರಣವಲ್ಲ. ಮಾತಿನಲ್ಲಿ ‘ಹ್ಯಾವ್’ ಸವೆದು ಬರೀ ‘ಅವ್’ ಎಂದು ಕೇಳುತ್ತದೆ. ಇಂಗ್ಲಿಷ್ ಮನೆಮಾತಾದವರೇ ಕಿವಿಗೆ ಬಿದ್ದಂತೆ ಬರೆದ ಕಾಗುಣಿತದ ತಪ್ಪು ಅದು. ನಾವು ಪುಸ್ತಕದಿಂದ ಕಲಿತವರು ಈ ತಪ್ಪು ಮಾಡುವುದು ಕಡಿಮೆ.

‘ಐ’ಡ್’ ಎಂಬ ಚುಟುಕು ರೂಪ ಕಂಡರೆ ಮುಂದಿನ ಪದ ನೋಡಿ. ಮುಂದೆ ‘ಗಾನ್’ ಇದ್ದರೆ ಅದು ‘ಹ್ಯಾಡ್’. ‘ಗೋ’ ಅಥವಾ ‘ಹ್ಯಾವ್ ಗಾನ್’ ಇದ್ದರೆ ‘ವುಡ್’. ‘ಬೆಟರ್’ ಇದ್ದರೆ ‘ಹ್ಯಾಡ್’.

‘ಇಫ್ ಐ ವುಡ್ ಹ್ಯಾವ್ ನೋನ್’ ಎಂದು ಅಮೆರಿಕದ ಮಾತಿನಲ್ಲಿ ತುಂಬಾ ಕೇಳುತ್ತೀರಿ. ಪರೀಕ್ಷೆಯಲ್ಲಿ, ಬರಹದಲ್ಲಿ ‘ಇಫ್ ಐ ಹ್ಯಾಡ್ ನೋನ್’ ಎಂದೇ ಬರೆಯಿರಿ. ‘ಇಫ್’ ಬಿಟ್ಟು ‘ಹ್ಯಾಡ್ ಐ ನೋನ್’ ಎಂದೂ ಬರೆಯಬಹುದು. ಪ್ರಶ್ನೆಯಂತೆ ಕಂಡರೂ ಕೊನೆಗೆ ಪ್ರಶ್ನೆ ಚಿಹ್ನೆ ಇಲ್ಲದಿದ್ದರೆ ಅದು ಷರತ್ತು.

ಇನ್ನೊಂದು, ಕಾಲದ ಎಡವಟ್ಟು. ಷರತ್ತು ಹಿಂದಿನದು, ಪರಿಣಾಮ ಇವತ್ತಿನದು ಆಗಿದ್ದರೆ ‘ಹ್ಯಾವ್’ ಬೇಡ. ‘ವಿದೌಟ್ ದಟ್ ಇನಿಂಗ್ಸ್, ಟನ್‌ಬ್ರಿಜ್ ವೆಲ್ಸ್ ವುಡ್ ಬಿ ಜಸ್ಟ್ ಎ ನೇಮ್ ಆನ್ ದಿ ಮ್ಯಾಪ್ ಟು ಅಸ್.’ ಇವತ್ತಿಗೂ ಬರೀ ಒಂದು ಹೆಸರಾಗಿರುತ್ತಿತ್ತು ಎಂಬ ಮಾತು. ಹಾಗಾಗಿ ‘ವುಡ್ ಬಿ’.

‘ಮೇ ಹ್ಯಾವ್’, ‘ಮೈಟ್ ಹ್ಯಾವ್’, ‘ಕುಡ್ ಹ್ಯಾವ್’

1970ರ ಏಪ್ರಿಲ್ 13ರಂದು ಅಪೊಲೊ 13 ನೌಕೆಯ ಆಮ್ಲಜನಕದ ಟ್ಯಾಂಕ್ ಸಿಡಿಯಿತು. ಒಳಗಿದ್ದ ಮೂವರೂ ಚಂದ್ರನ ಮೇಲೆ ಇಳಿಯಲು ಇದ್ದ ಘಟಕದಲ್ಲಿ ಆಶ್ರಯ ಪಡೆದು, ಏಪ್ರಿಲ್ 17ರಂದು ಜೀವಂತವಾಗಿ ಭೂಮಿಗೆ ಬಂದರು.

ಇದನ್ನು ‘ದಿ ಆಸ್ಟ್ರೊನಾಟ್ಸ್ ಮೇ ಹ್ಯಾವ್ ಡೈಡ್’ ಎಂದು ಬರೆದರೆ ಅರ್ಥ ‘ಸತ್ತಿರಬಹುದು’. ಅಂದರೆ ಇನ್ನೂ ಗೊತ್ತಾಗಿಲ್ಲ. ಬದುಕಿ ಬಂದದ್ದು ಎಲ್ಲರಿಗೂ ಗೊತ್ತಿದ್ದ ಮೇಲೆ ಬರೆಯಬೇಕಾದ್ದು ‘ಮೈಟ್ ಹ್ಯಾವ್ ಡೈಡ್’ ಅಥವಾ ‘ಕುಡ್ ಹ್ಯಾವ್ ಡೈಡ್’. ಸಾಯುವ ಸಂಭವ ಇತ್ತು, ಸಾಯಲಿಲ್ಲ. ಈ ವ್ಯತ್ಯಾಸವನ್ನು ಇಂಗ್ಲಿಷ್ ಪತ್ರಿಕೆಗಳೂ ಈಗ ಅಷ್ಟಾಗಿ ಕಾಯುವುದಿಲ್ಲ. ಆದರೂ ನೀವು ಕಾಯ್ದುಕೊಳ್ಳಿ ಎನ್ನುತ್ತೇನೆ. ಸಾವುನೋವಿನ ಸುದ್ದಿಯಲ್ಲಿ ಓದುಗರನ್ನು ಸುಮ್ಮನೆ ಬೆಚ್ಚಿಬೀಳಿಸಬಾರದು.

‘ಮೈಟ್ ಹ್ಯಾವ್’, ‘ಕುಡ್ ಹ್ಯಾವ್’ ಎರಡೂ ಊಹೆಗೂ ಬರುತ್ತವೆ, ನಡೆಯದ್ದಕ್ಕೂ ಬರುತ್ತವೆ. ‘ಮೇ ಹ್ಯಾವ್’ ಮಾತ್ರ ಊಹೆಗೇ ಮೀಸಲು ಎಂದಿಟ್ಟುಕೊಂಡರೆ ಅದನ್ನು ತಪ್ಪಾಗಿ ಬಳಸುವ ಪ್ರಮೇಯ ಬರುವುದಿಲ್ಲ. ಇಲ್ಲ ಎಂದು ಊಹಿಸುವಾಗ ಇನ್ನೊಂದು ತೊಡಕು: ‘ಮೇ ನಾಟ್ ಹ್ಯಾವ್ ಸೀನ್’ ಅಂದರೆ ನೋಡಿಲ್ಲದೆ ಇರಬಹುದು. ‘ಕುಡ್ ನಾಟ್ ಹ್ಯಾವ್ ಸೀನ್’ ಅಂದರೆ ನೋಡಿರಲು ಸಾಧ್ಯವೇ ಇಲ್ಲ. ಕನ್ನಡದಲ್ಲಿ ಇವೆರಡನ್ನು ನಾವು ಬೆರೆಸುವುದಿಲ್ಲ, ಇಂಗ್ಲಿಷಿಗೆ ಹೋದ ಕೂಡಲೇ ಬೆರೆಸಿಬಿಡುತ್ತೇವೆ.

‘ಬೇಕು’ಗಳ ಗೋಜಲು

‘ಬಂದಿರಬೇಕು’ ಅಂದರೆ ‘ಮಸ್ಟ್ ಹ್ಯಾವ್ ಕಮ್’. ‘ಬರಬೇಕಿತ್ತು’ ಅಂದರೆ ಸಾಮಾನ್ಯವಾಗಿ ‘ಶುಡ್ ಹ್ಯಾವ್ ಕಮ್’. ಇಲ್ಲಿವರೆಗೆ ಸಲೀಸು.

ಆದರೆ ‘ಆಗೆಲ್ಲ ಬೆಳಗ್ಗೆ ಆರಕ್ಕೇ ಬರಬೇಕಿತ್ತು’ ಎಂದರೆ? ಬರುತ್ತಲೂ ಇದ್ದರು. ಅದು ನಡೆಯದ ಸಂಗತಿಯಲ್ಲ, ಕಡ್ಡಾಯ. ಇಂಗ್ಲಿಷಿನಲ್ಲಿ ‘ಹ್ಯಾಡ್ ಟು ಕಮ್’. ಇದನ್ನು ‘ಮಸ್ಟ್ ಹ್ಯಾವ್ ಕಮ್’ ಎಂದು ಬರೆಯುವವರು ಬಹಳ. ಹಿಂದಿನ ಕಡ್ಡಾಯಕ್ಕೆ ‘ಮಸ್ಟ್ ಹ್ಯಾವ್’ ಯಾವತ್ತೂ ಬರುವುದಿಲ್ಲ, ಅದು ಬರೀ ಊಹೆಗೆ. ಮತ್ತೆ ಮೊದಲ ತಪಾಸಣೆಯೇ ಕಾಯುತ್ತದೆ. ನಿಜವಾಗಿ ಬಂದರೇ? ಬಂದರು, ಬರಲೇಬೇಕಿತ್ತು: ‘ಹ್ಯಾಡ್ ಟು’. ಬರಲಿಲ್ಲ: ‘ಶುಡ್ ಹ್ಯಾವ್’. ಗೊತ್ತಿಲ್ಲ, ಬಹುತೇಕ ಬಂದಿದ್ದಾರೆ: ‘ಮಸ್ಟ್ ಹ್ಯಾವ್’.

ಹಾಗೆಯೇ ‘ತರಬೇಕಾಗಿರಲಿಲ್ಲ’. ನೆಂಟರು ಮನೆಗೆ ಹಣ್ಣು ತಂದರು. ‘ಅಯ್ಯೋ, ಇದೆಲ್ಲ ತರಬೇಕಾಗಿರಲಿಲ್ಲ’ ಎನ್ನುತ್ತೇವೆ. ತಂದಾಗಿದೆ, ಹಾಗಾಗಿ ‘ಯು ನೀಡ್ ನಾಟ್ ಹ್ಯಾವ್ ಬ್ರಾಟ್ ದೀಸ್’. ಆದರೆ ‘ಮನೆಯಲ್ಲೇ ತರಕಾರಿ ಇತ್ತು, ತರಬೇಕಾಗಿರಲಿಲ್ಲ’ ಎಂದು ಹೇಳಿ ತರದೇ ಇದ್ದರೆ ‘ಐ ಡಿಡ್ ನಾಟ್ ನೀಡ್ ಟು ಬೈ ಎನಿ’. ‘ನೀಡ್ ನಾಟ್ ಹ್ಯಾವ್’ ಅಂದರೆ ಕೆಲಸ ನಡೆದಿದೆ, ವ್ಯರ್ಥವಾಗಿದೆ. ‘ಡಿಡ್ ನಾಟ್ ನೀಡ್ ಟು’ ನಡೆಯಿತೋ ಇಲ್ಲವೋ ಹೇಳುವುದಿಲ್ಲ, ಸಂದರ್ಭದಿಂದ ತಿಳಿಯಬೇಕು. ಉಡುಗೊರೆ ಕೈಗೆ ಬಂದಾಗ ಇಂಗ್ಲಿಷರು ಬಾಯಿತುಂಬ ನಕ್ಕು ‘ಯು ಶುಡ್ ನಾಟ್ ಹ್ಯಾವ್!’ ಎನ್ನುವುದೂ ನಮ್ಮ ‘ಇದೆಲ್ಲ ಯಾಕೆ ತರೋಕೆ ಹೋದ್ರಿ’ಯೇ. ಬೈಗುಳವಲ್ಲ.

‘ಆಗಿರಲಾರದು’ ಎಂಬ ಊಹೆಗೆ ‘ಮಸ್ಟ್ ನಾಟ್ ಹ್ಯಾವ್’ಗಿಂತ ‘ಕಾಂಟ್ ಹ್ಯಾವ್’ ಬಲವಾದದ್ದು. ‘ಹಿ ಕಾಂಟ್ ಹ್ಯಾವ್ ಸೀನ್ ದಿ ಮ್ಯಾಚ್ ಆನ್ ಟಿವಿ.’ ಚಿತ್ರೀಕರಣವೇ ಇಲ್ಲದ ಪಂದ್ಯವನ್ನು ಟಿವಿಯಲ್ಲಿ ನೋಡಿದೆ ಎನ್ನುವವರಿಗೆ ಈ ವಾಕ್ಯ ಸರಿಯಾಗಿ ಹೊಂದುತ್ತದೆ.

ಬೈಗುಳದಂತೆ ಕೇಳುವ ಹೊಗಳಿಕೆ, ಸಲಹೆಯಂತೆ ಕೇಳುವ ಬೈಗುಳ

‘ಐ ಕುಡ್ ನಾಟ್ ಹ್ಯಾವ್ ಡನ್ ಇಟ್ ವಿದೌಟ್ ಯು.’ ಎರಡು ಇಲ್ಲ ಸೇರಿದೆ, ಕೆಲಸ ಮಾತ್ರ ಆಗಿದೆ. ನೀವು ಇಲ್ಲದಿದ್ದರೆ ಆಗುತ್ತಿರಲಿಲ್ಲ ಎಂಬ ಕೃತಜ್ಞತೆ. ‘ಇಟ್ ಕುಡ್ ನಾಟ್ ಹ್ಯಾವ್ ಬೀನ್ ಬೆಟರ್’ ಇನ್ನೂ ಜಾರುವಂಥದ್ದು. ‘ಚೆನ್ನಾಗಿರಲಿಲ್ಲ’ ಎಂದು ಓದಿಕೊಂಡು ಬೇಜಾರಾಗುವವರಿದ್ದಾರೆ. ಇದಕ್ಕಿಂತ ಚೆನ್ನಾಗಿ ಮಾಡುವುದು ಸಾಧ್ಯವೇ ಇರಲಿಲ್ಲ ಎಂಬ ಹೊಗಳಿಕೆ ಅದು. ಅಡಗಿದ ಷರತ್ತು ‘ಎಷ್ಟೇ ಪ್ರಯತ್ನಪಟ್ಟಿದ್ದರೂ’. ಇದರ ಪಕ್ಕದ ‘ಇಟ್ ಕುಡ್ ಹ್ಯಾವ್ ಬೀನ್ ಬೆಟರ್’ ಮಾತ್ರ ನಿಜವಾದ ಟೀಕೆ, ಮೆಲ್ಲಗೆ ಹೇಳಿದ್ದು.

‘ಯು ಮೈಟ್ ಹ್ಯಾವ್ ಟೋಲ್ಡ್ ಮಿ’ ಎಂದು ಬಾಸ್ ಬರೆದರೆ ‘ನೀವು ನನಗೆ ಹೇಳಿರಬಹುದು’ ಎಂದು ತಿಳಿದು ‘ಯೆಸ್ ಸರ್, ಮೇ ಬಿ’ ಎಂದು ಉತ್ತರ ಕಳಿಸಬೇಡಿ. ‘ಒಂದು ಮಾತು ಹೇಳಬಹುದಿತ್ತಲ್ಲ’ ಎಂಬ ಸಿಟ್ಟು ಅದು. ಕೇಳುವಾಗ ರಾಗದಿಂದ ಗೊತ್ತಾಗುತ್ತದೆ, ಓದುವಾಗ ಸಂದರ್ಭ ಒಂದೇ ಗತಿ.

ರಿಪೇರಿ ಆಗದ ವಾಕ್ಯ

ಎಲ್ಲ ತಪಾಸಣೆ ಮಾಡಿದ ಮೇಲೂ ಎರಡು ಅರ್ಥ ಉಳಿಯುವ ವಾಕ್ಯಗಳಿವೆ. ಸಾಫ್ಟ್‌ವೇರ್ ಕೆಲಸದವರ ವರದಿಗಳಲ್ಲಿ ಬರುವ ‘ದಿ ಸರ್ವರ್ ಕುಡ್ ಹ್ಯಾವ್ ಕ್ರ್ಯಾಶ್ಡ್’ ಅಂಥದ್ದು. ಬಿದ್ದಿರಬಹುದೇ, ಬೀಳಬಹುದಿತ್ತೇ? ವ್ಯಾಕರಣ ಸರಿ ಇದೆ, ಮಾಹಿತಿ ಇಲ್ಲ. ರಾತ್ರಿ ಡ್ಯೂಟಿಯಲ್ಲಿರುವವರು ಇದನ್ನು ಓದಿ ಸರ್ವರ್ ನೋಡಲು ಓಡಬೇಕೋ, ಮಲಗಬೇಕೋ ಗೊತ್ತಾಗುವುದಿಲ್ಲ. ಇಲ್ಲಿ ಮೋಡಲ್ ಬದಲಿಸುತ್ತ ಕೂರಬೇಡಿ. ಗೊತ್ತಿಲ್ಲದಿದ್ದರೆ ‘ವಿ ಡು ನಾಟ್ ನೋ ಯೆಟ್ ವೆದರ್ ದಿ ಸರ್ವರ್ ಕ್ರ್ಯಾಶ್ಡ್’ ಎಂದು ಬರೆಯಿರಿ. ಸ್ವಲ್ಪದರಲ್ಲಿ ತಪ್ಪಿದ್ದರೆ ‘ದಿ ಸರ್ವರ್ ಡಿಡ್ ನಾಟ್ ಕ್ರ್ಯಾಶ್, ಬಟ್ ಇಟ್ ವಾಸ್ ಕ್ಲೋಸ್’ ಎಂದು ಬರೆದು, ಯಾವ ಕಾರಣಕ್ಕೆ ಎಂಬುದನ್ನು ಮುಂದಿನ ಸಾಲಿನಲ್ಲೇ ಸೇರಿಸಿ.